ಗೋಡೆ ಏರಿದ ಕೌದಿ, ಜಗಲಿಯಲ್ಲೇ ಉಳಿದ ಹೆಸರು

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಮನೆಗಳಲ್ಲಿ ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆ ಜಗಲಿಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಉಟ್ಟು ಉಟ್ಟು ಮೆತ್ತಗಾದ ಸೀರೆಯೊಂದನ್ನು ನೆಲಕ್ಕೆ ಹಾಸುತ್ತಾರೆ. ಪಕ್ಕದ ಗಂಟು ಬಿಚ್ಚಿದರೆ ಮಗನ ಶಾಲೆ ಅಂಗಿ, ಹರಿದ ಲುಂಗಿ, ಅತ್ತೆಯ ಸೀರೆಯ ಸೆರಗು, ಮಗಳ ಲಂಗದ ಅಂಚು. ಹಿರಿಯಳೊಬ್ಬಳು ಸೀರೆಯ ಒಂದು ಮೂಲೆಗೆ ಕೂತು ಕೆಂಪು ತುಂಡೊಂದನ್ನು ಇಟ್ಟು ನೋಡುತ್ತಾಳೆ. ಮನಸ್ಸಿಗೆ ಬರುವುದಿಲ್ಲ. ಅದನ್ನು ತೆಗೆದು ಹಳದಿ ಇಡುತ್ತಾಳೆ, ಅದರ ಪಕ್ಕಕ್ಕೆ ಕಡುನೀಲಿ ತರುತ್ತಾಳೆ. ಎದುರಿಗೆ ನಕ್ಷೆಯಿಲ್ಲ, ಕೈಯಲ್ಲಿ ಟೇಪು ಇಲ್ಲ. ಸೂಜಿ ಬಟ್ಟೆಗೆ ಇಳಿಯುತ್ತದೆ.

ಇಂಥ ಜಗಲಿಗಳಲ್ಲಿ ಹೊಲಿದ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಚರಿತ್ರೆ ಮತ್ತು ಸಂಸ್ಕೃತಿಯ ಅಧ್ಯಯನಕ್ಕೆಂದೇ ಇರುವ ಷೊಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮನೆಯಲ್ಲಿ ಮಗುವಿಗೆ ಹೊದಿಸುವ ವಸ್ತು ಅಲ್ಲಿ ಜನ ನಿಂತು ನೋಡುವ ಕಲಾಕೃತಿಯಾಯಿತು.

ಕೌದಿಯನ್ನು ಕಾಣದ ಕನ್ನಡಿಗರು ಕಡಿಮೆ. ಅದನ್ನು ಹೊಲಿಯುವ ಕ್ರಮ, ಹೊಲಿಯುವವಳ ದಿನಚರಿ, ಅದು ಗೋಡೆ ಏರುವಾಗ ನಡೆಯುವ ಕೆಲಸ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಲಿದವಳಿಗೆ ಅದರಿಂದ ಸಿಗುವುದೇನು ಎಂದು ಕೇಳಿದವರಂತೂ ಇನ್ನೂ ಕಡಿಮೆ.

ಪದರಗಳ ನಡುವಿನ ಬಿಸಿ

ಉತ್ತರ ಕರ್ನಾಟಕದಲ್ಲಿ ಕೌದಿ, ಹಳೇ ಮೈಸೂರಿನ ಕಡೆ ಬೊಂತೆ. ಹೆಸರು ಯಾವುದಾದರೂ ತತ್ವ ಒಂದೇ: ಹಳೆಯ ಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದು ಹರಡಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿದು ಒಂದೇ ಹೊದಿಕೆ ಮಾಡುವುದು. ಧಾರವಾಡ, ವಿಜಯಪುರ, ಬಾಗಲಕೋಟೆಯ ಹಳೆಯ ಕೌದಿಗಳಲ್ಲಿ ಇಳಕಲ್ ಸೀರೆಯ ದಡಿ, ಗುಳೇದಗುಡ್ಡದ ಖಣದ ತುಂಡು, ಅಜ್ಜನ ಧೋತರ ಒಟ್ಟಿಗೆ ಕಾಣಸಿಗುತ್ತವೆ.

ಇದರಲ್ಲಿ ಹತ್ತಿ ತುಂಬುವುದಿಲ್ಲ. ಆದರೂ ಚಳಿ ತಡೆಯುತ್ತದೆ. ಪದರ ಪದರದ ನಡುವೆ ತೆಳ್ಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕದಲದ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹೊಲಿಗೆ ತೀರಾ ವಿರಳವಾದರೆ ಒಳಪದರಗಳು ಜರುಗಿ ಒಂದು ಕಡೆ ಮುದ್ದೆಯಾಗುತ್ತವೆ. ತೀರಾ ಒತ್ತೊತ್ತಾದರೆ ಗಾಳಿಗೆ ಜಾಗವಿಲ್ಲದೆ ಕೌದಿ ಬಿರುಸಾಗುತ್ತದೆ. ಎರಡರ ನಡುವಿನ ಹದ ಕೈಗೆ ಹತ್ತಲು ವರ್ಷಗಳು ಬೇಕು.

ಎಲ್ಲ ಮನೆಯವರೂ ಕೌದಿಯನ್ನು ತಾವೇ ಹೊಲಿದುಕೊಳ್ಳುತ್ತಿರಲಿಲ್ಲ. ಗೊಂದಲಿಗರು, ಬುಡಬುಡಿಕೆಯವರಂಥ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರಿಗೆ ಬಂದು, ಮನೆಯವರು ಕೂಡಿಟ್ಟ ಹಳೆಬಟ್ಟೆಯಿಂದ ಅವರ ಅಂಗಳದಲ್ಲೇ ಕೂತು ಹೊಲಿದು ಕೊಡುತ್ತಿದ್ದರು. ಕೂಲಿ ಕಾಳಿನಲ್ಲೋ ಹಣದಲ್ಲೋ ಸಲ್ಲುತ್ತಿತ್ತು. ಕೌದಿ ಆ ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತಿತ್ತು, ಹೊಲಿದವಳು ಮುಂದಿನ ಊರಿಗೆ ಹೋಗಿರುತ್ತಿದ್ದಳು. ಹೆಸರು ಕಳೆದುಹೋಗುವುದು ಅಲ್ಲಿಂದಲೇ ಆರಂಭ.

ಸಿದ್ದಿಗಳ ಕವಂದಿ

ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದವರು. ಹದಿನಾರನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಇಂದು ಉತ್ತರ ಕನ್ನಡದಲ್ಲಿ ಹೆಚ್ಚಾಗಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿ ಸ್ವಲ್ಪಮಟ್ಟಿಗೆ ಇದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಉಂಟು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಅವರ ಕೌದಿಗೆ ಕವಂದಿ ಎಂಬ ಹೆಸರಿದೆ. ಇದನ್ನು ಹೊಲಿಯುವವರು ಹೆಚ್ಚಾಗಿ ಹಿರಿಯ ಹೆಂಗಸರು, ಅದೂ ತಮ್ಮ ಮಕ್ಕಳು ಮೊಮ್ಮಕ್ಕಳಿಗಾಗಿ. ತೊಟ್ಟಿಲ ಕೂಸಿಗೆ ಚಿಕ್ಕದು, ಇಬ್ಬರು ಮೂವರು ಒಟ್ಟಿಗೆ ಮಲಗುವ ಮನೆಗೆ ದೊಡ್ಡದು. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆಯ ಆಕಾರ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ಹೊಲಿಯುವ ರೀತಿ ಮಾತ್ರ ಮೂವರಲ್ಲೂ ಒಂದೇ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಸಿದ್ದಿಗಳ ಬದುಕನ್ನು ಅಧ್ಯಯನ ಮಾಡಲು ಬಂದು ಈ ಕೌದಿಗಳ ಮುಂದೆ ನಿಂತರು. 2000ದ ದಶಕದಲ್ಲಿ ಕೌದಿ ಹೊಲಿಯುವ ಸಿದ್ದಿ ಹೆಂಗಸರ ಸಹಕಾರಿ ಗುಂಪೊಂದು ರೂಪುಗೊಂಡಿತು. ಹಾರ್ಲೆಮ್‌ನ ಪ್ರದರ್ಶನ ಡ್ರೂಅಲ್ ಮತ್ತು ಈ ಹೆಂಗಸರ ಒಡನಾಟದ ಫಲ.

ಅಂಚಿನಿಂದ ನಡುವಿಗೆ

ಸಿದ್ದಿ ಕೌದಿಯ ಗುಟ್ಟು ಅದು ಬೆಳೆಯುವ ದಿಕ್ಕಿನಲ್ಲಿದೆ. ಅಮೆರಿಕದ ಕೌದಿಗಳಲ್ಲಿ ಸಾಮಾನ್ಯವಾಗಿ ಮೇಲ್ಪದರದ ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ, ಆಮೇಲೆ ಒಳಗೆ ಹತ್ತಿಯ ಹಾಸು, ಕೆಳಗೆ ಅಡಿಬಟ್ಟೆ ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸು ಜೋಡಿಸುವುದು ಮತ್ತು ಹೊಲಿಯುವುದನ್ನು ಒಟ್ಟಿಗೇ ಮಾಡುತ್ತಾಳೆ.

ಅಡಿಯಲ್ಲಿ ಸೀರೆ. ಅದರ ಒಂದು ಮೂಲೆಯಲ್ಲಿ ಮೊದಲ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಸಾದಾ ಹೊಲಿಗೆ ಹಾಕುತ್ತಾಳೆ. ಅಂಚು ಹಿಡಿದು ಹೊರಟ ಹೊಲಿಗೆ ಸೀರೆಯ ಸುತ್ತ ಒಂದು ಸುತ್ತು ಬರುತ್ತದೆ. ಮುಂದಿನ ಸಾಲು ಅದರ ಒಳಗೆ. ಒಂದು ತುಂಡು ಮುಗಿಯುವಲ್ಲಿ ಇನ್ನೊಂದರ ಅಂಚು ಅದರಡಿ ಸೇರುತ್ತದೆ. ಹೀಗೆ ಸುತ್ತು ಸುತ್ತಾಗಿ ಬಂದು ನಡುವಿನಲ್ಲಿ ಮುಗಿಯುತ್ತದೆ. ಒಂದೇ ಹೊಲಿಗೆ ತುಂಡುಗಳನ್ನೂ ಪದರಗಳನ್ನೂ ಹಿಡಿದಿಡುತ್ತದೆ.

ಹಾಗಾಗಿ ಪೂರ್ತಿ ಚಿತ್ರ ಮೊದಲೇ ಕಣ್ಣೆದುರು ಇರುವುದಿಲ್ಲ. ಪ್ರತಿ ತುಂಡಿನ ನಿರ್ಧಾರವನ್ನು ಅದರ ಪಕ್ಕದ ತುಂಡನ್ನು ನೋಡಿ ಆಗಲೇ ತೆಗೆದುಕೊಳ್ಳಬೇಕು. ಕೆಂಪು ಒಂದು ಕಡೆ ಹೆಚ್ಚಾಯಿತೆನ್ನಿಸಿದರೆ ಎದುರು ಬದಿಯಲ್ಲಿ ಅದಕ್ಕೆ ಉತ್ತರವಾಗಿ ಇನ್ನೊಂದು ಕೆಂಪು ಬರುತ್ತದೆ. ದೊಡ್ಡ ತುಂಡುಗಳ ಮೇಲೆ ಅಲಂಕಾರಕ್ಕೆಂದು ಹೊಲಿಯುವ ಚಿಕ್ಕ ಚೌಕಗಳಿವೆ. ಬಾಯಿ ಎತ್ತಿದ ಸ್ವರಕ್ಕೆ ತಾಳ ಹೊಂದಿಸುತ್ತ ಹೋಗುವ ಹಾಡುಗಾರಿಕೆಯಂತೆ ಈ ಕೆಲಸ.

ಕೊನೆಗೆ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಸೇರಿಸಿ ಹೊಲಿಯುತ್ತಾರೆ. ಇವಕ್ಕೆ ಫುಲಾ, ಅಂದರೆ ಹೂವು ಎಂದು ಹೆಸರು. ಬಳಕೆಯ ದೃಷ್ಟಿಯಿಂದ ಇವುಗಳ ಅಗತ್ಯವೇ ಇಲ್ಲ. ಆದರೆ ಹೂವಿಲ್ಲದ ಕೌದಿ ಬತ್ತಲೆ ಎಂಬ ಭಾವನೆ ಅವರದು. ನಡುವಿನ ಕೊನೆಯ ತುಂಡಿನೊಳಗೆ ನಾಲ್ಕು ಅಕ್ಕಿಕಾಳು ಇಡುವ ರೂಢಿಯೂ ಕೆಲವರಲ್ಲಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಚೆಂದ ಬೇಕು ಎಂಬ ಹಟ ಬಡತನದ ನಡುವೆಯೂ ಎಷ್ಟು ಗಟ್ಟಿಯಾಗಿರುತ್ತದೆ ಎಂಬುದಕ್ಕೆ ಈ ನಾಲ್ಕು ಮೂಲೆಗಳಿಗಿಂತ ಬೇರೆ ಸಾಕ್ಷಿ ಬೇಡ.

ಹೊಲಿಯುವವಳ ದಿನ

ಕೌದಿ ಹೊಲಿಯುವವಳ ದಿನ ಸೂಜಿಯಿಂದ ಶುರುವಾಗುವುದಿಲ್ಲ. ನೀರು, ಒಲೆ, ಮಕ್ಕಳ ಬುತ್ತಿ, ದನ, ಗದ್ದೆಯ ಇಲ್ಲವೇ ತೋಟದ ಕೂಲಿ ಮುಗಿದ ಮೇಲೆ ಉಳಿದ ಹೊತ್ತೇ ಅವಳ ಕಲೆಯ ಹೊತ್ತು. ನಾಟಿ, ಕೊಯ್ಲಿನ ಕಾಲದಲ್ಲಿ ಗಂಟು ಬಿಚ್ಚಲೂ ಆಗುವುದಿಲ್ಲ. ಬಿಡುವಿನ ತಿಂಗಳುಗಳಲ್ಲಿ ಕೆಲಸ ಬೇಗ ಸಾಗುತ್ತದೆ. ದೊಡ್ಡ ಕೌದಿಗೆ ವಾರಗಳೇ ಹಿಡಿಯುತ್ತವೆ.

ಹೊಲಿಗೆಗೆ ಮುಂಚಿನ ಕೆಲಸವೂ ಸಣ್ಣದಲ್ಲ. ಬಟ್ಟೆ ಕೂಡಿಸಬೇಕು, ಒಗೆದು ಬಿಸಿಲಿಗೆ ಒಣಗಿಸಬೇಕು. ಗುಂಡಿ, ಜಿಪ್ಪು, ಹೊಲಿದ ದಪ್ಪ ಅಂಚುಗಳನ್ನು ಬಿಚ್ಚಬೇಕು. ಜೀರ್ಣವಾದ ಭಾಗ ಒಳಪದರಕ್ಕೆ, ಗಟ್ಟಿ ಉಳಿದದ್ದು ಮೇಲಕ್ಕೆ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಪತ್ತೆ ಮಾಡದಿದ್ದರೆ ಮೊದಲ ಒಗೆತದಲ್ಲೇ ಪಕ್ಕದ ತುಂಡುಗಳೆಲ್ಲ ಕೆಡುತ್ತವೆ.

ಬಟ್ಟೆಯೂ ಬದಲಾಗಿದೆ. ಹಳೆಯ ಹತ್ತಿ ಸೀರೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತಿತ್ತು. ಈಗ ಗಂಟಿನಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್. ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ಬಣ್ಣವೇನೋ ಬೇಗ ಮಾಸುವುದಿಲ್ಲ, ಆದರೆ ಮೈಗೆ ಹತ್ತಿಯ ಹಿತ ಇಲ್ಲ. ಸಂತೆಯಲ್ಲಿ ಸಿಗುವ ಅಗ್ಗದ ರಗ್ಗುಗಳು ಬಂದ ಮೇಲೆ ಮನೆಬಳಕೆಯ ಬೇಡಿಕೆಯೂ ಕುಗ್ಗಿದೆ. ಇದೇ ಹೊತ್ತಿಗೆ ನಗರದ ಮೇಳ, ಗ್ಯಾಲರಿಗಳಲ್ಲಿ ಕೌದಿಗೆ ಹೊಸ ಕಣ್ಣುಗಳು ಸಿಕ್ಕಿವೆ.

ಈ ಕೆಲಸ ದೇಹವನ್ನೂ ತಿನ್ನುತ್ತದೆ. ನೆಲಕ್ಕೆ ಕೂತು ಬಾಗಿ ಹೊಲಿಯುವುದರಿಂದ ಸೊಂಟ, ಮಂಡಿ, ಕುತ್ತಿಗೆ ಹಿಡಿಯುತ್ತವೆ. ನಾಲ್ಕೈದು ಪದರ ದಾಟಿಸಲು ಸೂಜಿ ಒತ್ತಿ ಒತ್ತಿ ಬೆರಳತುದಿ ಗಡುಸಾಗುತ್ತದೆ. ನಲವತ್ತು ದಾಟಿದವರಿಗೆ ಚಾಳೀಸು ಬಂದು, ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯಬೇಕಾಗುತ್ತದೆ. ಕಣ್ಣಿಗೆ ಸರಿಯಾದ ಕನ್ನಡಕ, ಕೂರಲು ಬೆಳಕಿನ ಜಾಗ ಒದಗಿಸುವುದು ಈ ಕಲೆಗೆ ಮಾಡಬಹುದಾದ ಅತ್ಯಂತ ನೇರ ಸಹಾಯ.

ಹಾಸಿಗೆಯಿಂದ ಗೋಡೆಗೆ

ಹೊದಿಕೆಯನ್ನು ಚಿತ್ರದಂತೆ ನೋಡುವ ಅಭ್ಯಾಸ ದೊಡ್ಡ ಮ್ಯೂಸಿಯಂಗಳಿಗೆ ಬಂದದ್ದು ತಡವಾಗಿ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ, ಜೊನಾಥನ್ ಹೋಲ್‌ಸ್ಟೈನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ಸಂಗ್ರಹಿಸಿದ್ದ ಅಮೆರಿಕನ್ ಕೌದಿಗಳನ್ನು ಆಧುನಿಕ ಚಿತ್ರಗಳಂತೆ ಬಿಳಿ ಗೋಡೆಗೆ ತೂಗುಹಾಕಿತು. ಜನ ಬೆರಗಾದರು. ಆದರೆ ಆ ಕೌದಿಗಳನ್ನು ಹೊಲಿದ ಹೆಚ್ಚಿನ ಹೆಂಗಸರು ಯಾರೆಂಬುದು ಅಲ್ಲಿ ತಿಳಿಯುವಂತಿರಲಿಲ್ಲ.

ಮೂರು ದಶಕದ ನಂತರ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಸರದಿ. ನದಿಯ ತಿರುವಿನಲ್ಲಿರುವ ಈ ಊರಿನವರು ಹತ್ತಿ ತೋಟದ ಗುಲಾಮರ ವಂಶಸ್ಥರು. ಹೊಲದಲ್ಲಿ ತೊಟ್ಟು ಸವೆದ ಜೀನ್ಸ್, ಅಂಗಿಗಳಿಂದ ಅಲ್ಲಿನ ಹೆಂಗಸರು ಕೌದಿ ಹೊಲಿಯುತ್ತಿದ್ದರು. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, 1966ರಲ್ಲಿ, ಆ ಭಾಗದಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಹುಟ್ಟಿತು. 2002ರಲ್ಲಿ ಹ್ಯೂಸ್ಟನ್‌ನಲ್ಲಿ, ನಂತರ ಅದೇ ವಿಟ್ನಿಯಲ್ಲಿ ಅವರ ಕೌದಿಗಳ ಪ್ರದರ್ಶನ ನಡೆಯಿತು. ಈ ಬಾರಿ ಪ್ರತಿ ಕೌದಿಯ ಪಕ್ಕದಲ್ಲಿ ಹೊಲಿದವಳ ಹೆಸರಿತ್ತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಗೀಸ್ ಬೆಂಡ್ ಕೌದಿಗಳ 10 ಅಂಚೆಚೀಟಿ ತಂದಿತು.

ನಮ್ಮಲ್ಲೂ ಜವಳಿ ಕಲೆ ದೊಡ್ಡ ವೇದಿಕೆ ಏರಿದ್ದುಂಟು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಸಂಡೂರಿನ ಸುತ್ತಲಿನ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ಪ್ಯಾಚ್‌ವರ್ಕ್ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ಪುಸ್ತಕಕ್ಕೆ ಸಂಖ್ಯೆ ಸಾಕು. ಕಲೆಯ ಚರಿತ್ರೆಗೆ ಹೆಸರುಗಳೂ ಬೇಕು.

ತೂಗುಹಾಕುವ ವಿದ್ಯೆ

ಪ್ರದರ್ಶನವೆಂದರೆ ಮೊಳೆ ಹೊಡೆದು ನೇತುಹಾಕುವುದಲ್ಲ. ಬಟ್ಟೆಯ ಭಾರ ಒಂದೆರಡು ಬಿಂದುಗಳ ಮೇಲೆ ಬಿದ್ದರೆ ಅಲ್ಲೇ ಹರಿಯುತ್ತದೆ. ಅದಕ್ಕೆ ಕೌದಿಯ ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ತೋಳು ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುತ್ತಾರೆ. ಆಗ ಭಾರ ಇಡೀ ಅಂಚಿಗೆ ಹಂಚಿಹೋಗುತ್ತದೆ.

ಬೆಳಕು ಎರಡನೆಯ ಶತ್ರು. ಬಟ್ಟೆಯ ಮೇಲೆ ಬಿದ್ದ ಬೆಳಕು ಬಣ್ಣವನ್ನೂ ನೂಲನ್ನೂ ಸ್ವಲ್ಪ ಸ್ವಲ್ಪವಾಗಿ ಕೊಲ್ಲುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಅದಕ್ಕಾಗಿ ಮ್ಯೂಸಿಯಂಗಳು ಜವಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಬಿಡುತ್ತವೆ. ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ ಬೀಳುವುದು 300ರಿಂದ 500 ಲಕ್ಸ್. ಕೆಲ ತಿಂಗಳ ಪ್ರದರ್ಶನದ ನಂತರ ಬಟ್ಟೆಯನ್ನು ಕತ್ತಲ ಕೋಣೆಗೆ ಕಳಿಸಿ ವಿಶ್ರಾಂತಿ ಕೊಡುತ್ತಾರೆ. ಮಡಿಕೆಯ ಗೆರೆಯಲ್ಲಿ ನೂಲು ಮುರಿಯುವುದರಿಂದ ಮಡಚಿಡುವ ಬದಲು ಸುತ್ತಿಡುತ್ತಾರೆ.

ಕಳಿಸುವ ಮುನ್ನ ಕಲಾವಿದೆಯ ಪಾಲಿಗೂ ಕೆಲಸಗಳ ಪಟ್ಟಿ ಇದೆ: ಒಗೆದು ಪೂರ್ತಿ ಒಣಗಿಸುವುದು, ಹುಳ ಹತ್ತಿಲ್ಲವೆಂದು ನೋಡುವುದು, ಹಗಲ ಬೆಳಕಿನಲ್ಲಿ ಫೋಟೊ ತೆಗೆಯುವುದು, ಉದ್ದಗಲ ಬರೆಯುವುದು, ಬಟ್ಟೆ ಎಲ್ಲಿಂದ ಬಂತೆಂದು ನೆನಪಿರುವಷ್ಟು ಹೇಳುವುದು. ಇದಿಷ್ಟೂ ಸೇರಿ ಗೋಡೆಯ ಮೇಲಿನ ಚಿಕ್ಕ ಚೀಟಿಯಾಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಅತಿ ಮುಖ್ಯವಾದ ವಸ್ತು ಆ ಚೀಟಿ.

ಐದು ಡಾಲರಿನ ಕೌದಿ

ಚೀಟಿಯ ಮಹತ್ವ ತಿಳಿಯಲು ಹ್ಯಾರಿಯೆಟ್ ಪವರ್ಸ್ ಕಥೆ ಸಾಕು. ಗುಲಾಮಳಾಗಿ ಹುಟ್ಟಿದ ಈಕೆ ಜಾರ್ಜಿಯಾದ ಅಥೆನ್ಸ್ ಎಂಬಲ್ಲಿ 1886ರ ಹತ್ತಿ ಮೇಳದಲ್ಲಿ ಬೈಬಲ್ ಕಥೆಗಳ ಕೌದಿಯೊಂದನ್ನು ಪ್ರದರ್ಶಿಸಿದಳು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಅದನ್ನು ಕೊಳ್ಳಲು ಬಯಸಿದಳು. ಪವರ್ಸ್ ಒಪ್ಪಲಿಲ್ಲ. ಕೆಲ ವರ್ಷಗಳ ನಂತರ ಕಷ್ಟ ಕೊರಳಿಗೆ ಬಂದಾಗ ತಾನೇ ಹೊತ್ತು ತಂದು 10 ಡಾಲರ್ ಕೇಳಿದಳು, 5ಕ್ಕೆ ಕೊಟ್ಟಳು.

ಸ್ಮಿತ್ ಒಂದು ಕೆಲಸ ಮಾಡಿದ್ದಳು. ಒಂದೊಂದು ಚೌಕದಲ್ಲಿ ಏನಿದೆಯೆಂದು ಪವರ್ಸ್ ಬಾಯಿಂದಲೇ ಕೇಳಿ ಬರೆದಿಟ್ಟಳು. ಆ ಕೌದಿ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ, ಹೊಲಿದವಳ ಹೆಸರಿನೊಂದಿಗೆ. ಆ ಬರಹ ಇಲ್ಲದಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ಯಾರೋ ಹೊಲಿದ ಹೊದಿಕೆಯಾಗಿ ಉಳಿಯುತ್ತಿತ್ತು.

ಫೇತ್ ರಿಂಗೋಲ್ಡ್ ಈ ಪಾಠ ಚೆನ್ನಾಗಿ ಬಲ್ಲವರಾಗಿದ್ದರು. ಹಾರ್ಲೆಮ್‌ನಲ್ಲಿ ಹುಟ್ಟಿ ಬೆಳೆದ ಈ ಕಲಾವಿದೆ ತಮ್ಮ ಮೊದಲ ಕೌದಿಯನ್ನು 1980ರಲ್ಲಿ ತಾಯಿ ವಿಲ್ಲಿ ಪೋಸಿ ಜೊತೆ ಸೇರಿ ಮಾಡಿದರು. ಮುಂದೆ ಕೌದಿಯ ಮೇಲೇ ಚಿತ್ರ ಬರೆದು, ಅಂಚಿನಲ್ಲಿ ಕಥೆ ಬರೆದರು. ಅವರ 1988ರ ‘ಟಾರ್ ಬೀಚ್’ ಇಂದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿದೆ. ಅವರು 2024ರಲ್ಲಿ ತೀರಿಕೊಂಡರು. ಬಂಗಾಳದಲ್ಲಿ ಇದಕ್ಕೂ ಬಹಳ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲೇ, ಮಾನದಾಸುಂದರಿ ಎಂಬಾಕೆ ತಂದೆಗಾಗಿ ಹೊಲಿದ ಕಾಂಥಾದ ಮೇಲೆ ತನ್ನ ಹೆಸರನ್ನು ದಾರದಲ್ಲೇ ಬರೆದಿದ್ದಳು. ಅದು ಕೋಲ್ಕತ್ತಾದ ಗುರುಸದಯ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಬೆಲೆಯ ಲೆಕ್ಕ

ಮೇಳಗಳಲ್ಲಿ ಕೌದಿ ಹರಡಿ ಕೂತವರಿಗೆ ಎದುರಾಗುವ ಮಾತು ಒಂದೇ: “ಹಳೇ ಬಟ್ಟೆ ತಾನೇ, ಇಷ್ಟೊಂದು ರೇಟು ಯಾಕಮ್ಮ?” ಬಟ್ಟೆ ಹಳೆಯದು ನಿಜ. ಬೆಲೆ ಇರುವುದು ಅದರ ಮೇಲೆ ಕಳೆದ ಹೊತ್ತಿಗೆ, ಆ ಹೊತ್ತಿನ ಹಿಂದಿರುವ ಕಲಿಕೆಗೆ. ಅಡುಗೆ, ಕೂಲಿಯ ನಡುವೆ ಹರಿದು ಹಂಚಿಹೋದ ಹೊತ್ತಾದ್ದರಿಂದ ಹೊಲಿದವಳಿಗೇ ಅದರ ಲೆಕ್ಕ ಇರುವುದಿಲ್ಲ. ಕೂತ ವೇಳೆ, ಎದ್ದ ವೇಳೆಯನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ, ಕನಿಷ್ಠ ಅಷ್ಟು ದಿನದ ಕೂಲಿಯಾದರೂ ಕೇಳಲು ಆಧಾರ ಸಿಗುತ್ತದೆ. ಕಲೆಯ ಬೆಲೆ ಅದರ ಮೇಲೆ.

ಎರಡನೆಯ ಲೆಕ್ಕ ವಿನ್ಯಾಸದ ಹಕ್ಕಿನದು. ಗೀಸ್ ಬೆಂಡ್ ಕೌದಿಗಳ ಹೆಸರು ದೊಡ್ಡದಾದಂತೆ ಅವುಗಳ ವಿನ್ಯಾಸ ಬೇರೆ ಬೇರೆ ಸರಕುಗಳ ಮೇಲೆ ಬಂತು. ತಮಗೆ ನ್ಯಾಯವಾದ ಪಾಲು ಬಂದಿಲ್ಲವೆಂದು ಕೆಲವು ಹೆಂಗಸರು 2007ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಕೌದಿ ಮಾರಿದರೆ ಬಟ್ಟೆ ಮಾತ್ರ ಮಾರಿದಂತೆ. ಅದರ ಚಿತ್ರವನ್ನು ಪರದೆಗೋ ಚೀಲಕ್ಕೋ ಅಚ್ಚು ಹಾಕುವುದಾದರೆ ಪ್ರತ್ಯೇಕ ಒಪ್ಪಂದ ಬೇಕು, ಅದೂ ಹೊಲಿದವಳಿಗೆ ಓದಿ ಹೇಳಿದ, ಅವಳ ಭಾಷೆಯ ಒಪ್ಪಂದ.

ಕರ್ನಾಟಕದ ಕೌದಿಗೆ ಬೇಕಿರುವುದು ಅನುಕಂಪವಲ್ಲ, ದಾಖಲೆ. ಕೊಳ್ಳುವವರು ಬಿಲ್ಲಿನ ಜೊತೆಗೆ ಹೊಲಿದವರ ಹೆಸರು ಮತ್ತು ಊರನ್ನು ಕೇಳಿ ಬರೆಸಿಕೊಳ್ಳಿ. ಪ್ರದರ್ಶನ ಏರ್ಪಡಿಸುವವರು ‘ಸಿದ್ದಿ ಕೌದಿ’, ‘ಲಂಬಾಣಿ ಕಲೆ’ ಎಂದು ಸಮುದಾಯದ ಹೆಸರಿಗೇ ನಿಲ್ಲಿಸದೆ ಕಲಾವಿದೆಯ ಹೆಸರನ್ನು ಮೊದಲು ಹಾಕಿ. ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಹಳೆಯ ಕೌದಿ ಇರಬಹುದು. ಅದನ್ನು ಹೊಲಿದವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ ತಿಳಿದುಕೊಳ್ಳಿ, ಬಿಳಿ ಬಟ್ಟೆಯ ತುಂಡಿನ ಮೇಲೆ ಆ ಹೆಸರನ್ನು ಬರೆದು ಕೌದಿಯ ಹಿಂಬದಿಗೆ ಹೊಲಿಯಿರಿ.